ಅಂಗೈಯಗಲದ ಬಣ್ಣದ ಪೆಟ್ಟಿಗೆ

ಇಂಗ್ಲಿಷಿನ ‘ಮಿನಿಯೇಚರ್’ ಎಂಬ ಪದವನ್ನು ಕೇಳಿದವರು ಅದು ‘ಮಿನಿ’ ಎಂಬ ಕಿರಿದರ್ಥದಿಂದ ಹುಟ್ಟಿತೆಂದೇ ಭಾವಿಸುತ್ತಾರೆ. ವಾಸ್ತವದಲ್ಲಿ ಅದರ ಮೂಲ ಲ್ಯಾಟಿನ್ನಿನ ‘ಮಿನಿಯಂ’, ಅಂದರೆ ಸೀಸದಿಂದ ತಯಾರಾಗುವ ಸಿಂಧೂರವರ್ಣ. ಹಸ್ತಪ್ರತಿಗಳ ಮೊದಲಕ್ಷರಗಳನ್ನು ಆ ಕೆಂಪಿನಿಂದ ಸಿಂಗರಿಸುವ ಕೆಲಸಕ್ಕೆ ಮೊದಲು ಸಂದ ಹೆಸರು, ಮುಂದೆ ಗ್ರಂಥದ ಪುಟದೊಳಗೆ ಹಿಡಿಸುವ ಎಲ್ಲ ಚಿತ್ರಗಳಿಗೂ ಅನ್ವಯಿಸಿತು. ಹೀಗೆ ಪದದ ಮೂಲದಲ್ಲಿರುವುದು ಅಳತೆಯಲ್ಲ, ಬಣ್ಣ. ಕನ್ನಡದಲ್ಲಿ ಇದಕ್ಕೆ ‘ಚಿಕಣಿ ಚಿತ್ರ’ ಎನ್ನುತ್ತೇವೆ. ನೆರೆಯ ಮರಾಠಿಯಲ್ಲಿ ‘ಚಿಕಣಾ’ ಎಂದರೆ ನುಣುಪಾದುದು. ಈ ಚಿತ್ರಗಳ ಹಾಳೆಯನ್ನೂ ನುಣುಪು ಕಲ್ಲಿನಿಂದ ತೀಡಿ ಹೊಳಪುಗೊಳಿಸಿಯೇ ಬಣ್ಣ ಹಚ್ಚುತ್ತಿದ್ದರು ಎಂಬುದನ್ನು ನೆನೆದರೆ ಆ ಹೆಸರು ಇನ್ನಷ್ಟು ಒಪ್ಪುತ್ತದೆ.

ಕನ್ನಡನಾಡಿಗೆ ಈ ಕಲೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಶ್ರೀತತ್ತ್ವನಿಧಿ’ಯ ಸಚಿತ್ರ ಪ್ರತಿಗಳು, ಮೈಸೂರಿನ ಗಂಜೀಫಾ ಎಲೆಗಳು, ಸುರಪುರದ ಚಿತ್ರಗಳು ಅದರ ಹೆಸರಾಂತ ನಿದರ್ಶನಗಳು. ಅವನ್ನು ಬರೆದವರು ಅರಮನೆಯ ಅಥವಾ ಮನೆಯ ಜಗಲಿಯಲ್ಲಿ ಕುಳಿತು, ಸಕಲ ಸಾಮಗ್ರಿಯನ್ನೂ ಸುತ್ತ ಹರಡಿಕೊಂಡು ಬರೆದವರು. ಚಿತ್ರಿಸಬೇಕಾದ ವಸ್ತು ದೂರದ ಊರಿನಲ್ಲಿದ್ದು, ಅಲ್ಲಿಗೆ ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಮರಳಬೇಕಾದ ವಿದ್ಯಾರ್ಥಿ ಏನನ್ನು ಕಟ್ಟಿಕೊಳ್ಳಬೇಕು, ಏನನ್ನು ಮನೆಯಲ್ಲೇ ಬಿಡಬೇಕು ಎಂಬುದು ಈ ಬರಹದ ವಿಷಯ. ಹಿಂದೂಪುರ ಮತ್ತು ಕಲ್ಯಾಣದುರ್ಗಗಳ ನಡುವಣ ಸೀಮೆಯನ್ನು ಇದಕ್ಕೆ ಉದಾಹರಣೆಯಾಗಿ ಆರಿಸಿಕೊಳ್ಳಲಾಗಿದೆ.

ಎರಡು ಊರು, ಎರಡು ಬೆಳಕು

ಅನಂತಪುರ ಜಿಲ್ಲೆ 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರೂಪುಗೊಂಡಿತು. ಇಂದು ಹಿಂದೂಪುರ 2022ರಲ್ಲಿ ರಚಿತವಾದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಎರಡೂ ತೆಲುಗು-ಕನ್ನಡಗಳು ಒಂದೇ ಸಂತೆಯಲ್ಲಿ ಸಂಧಿಸುವ ಗಡಿನಾಡಿನ ಊರುಗಳು. ಗುತ್ತಿಯ ಮುರಾರಿರಾಯ ಘೋರ್ಪಡೆಯ ತಂದೆ ಹಿಂದೂರಾಯನಿಂದ ಹಿಂದೂಪುರಕ್ಕೆ ಆ ಹೆಸರು ಬಂತೆಂಬ ಪ್ರತೀತಿಯಿರುವುದರಿಂದ, ಮರಾಠಿಯ ಎಳೆಯೊಂದು ಈ ನೆಲದ ಚರಿತ್ರೆಯಲ್ಲಿ ಸೇರಿಕೊಂಡಿದೆ.

ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ ಲೇಪಾಕ್ಷಿಯ ವೀರಭದ್ರ ದೇವಾಲಯವಿದೆ. ವಿಜಯನಗರದ ಅಚ್ಯುತದೇವರಾಯನ ಆಳ್ವಿಕೆಯಲ್ಲಿ (1529-1542) ವಿರೂಪಣ್ಣ ಮತ್ತು ವೀರಣ್ಣ ಎಂಬ ಸಹೋದರರು ಅದನ್ನು ಬೆಳೆಸಿದರು. ಆ ಕಾಲದ ಕನ್ನಡ ಶಾಸನಗಳು ಅಲ್ಲಿವೆ. ಆದರೆ ಚಿತ್ರಕಾರನನ್ನು ಅಲ್ಲಿಗೆ ಸೆಳೆಯುವುದು ಛಾವಣಿ. ಕಿರಾತಾರ್ಜುನರ ಪ್ರಸಂಗ, ದ್ರೌಪದಿಯ ಸ್ವಯಂವರ, ಗಿರಿಜಾ ಕಲ್ಯಾಣ, ಎತ್ತರದ ಕುಲ್ಲಾಯಿ ಧರಿಸಿದ ರಾಜಪುರುಷರು, ಅಂಚು ಸೆರಗುಗಳಲ್ಲಿ ನೂರು ಬಗೆಯ ವಿನ್ಯಾಸ ತೊಟ್ಟ ಸ್ತ್ರೀಯರು, ಎಲ್ಲರೂ ತಲೆಯ ಮೇಲಿದ್ದಾರೆ; ಕೆಳಗೆ ಮಬ್ಬು ಬೆಳಕು. ಕಲ್ಯಾಣದುರ್ಗದ ಪಾಡು ಇದಕ್ಕೆ ತಿರುಗುಮುರುಗು. ಅಲ್ಲಿ ಬೆಟ್ಟ, ಬಂಡೆ, ಮುದಿಗಲ್ಲಿನ ಬೃಹತ್ ಶಿಲಾಸಮಾಧಿಗಳು, ಎಲ್ಲವೂ ಬಟ್ಟಬಯಲಿನ ಬಿಸಿಲಿನಲ್ಲಿವೆ. ಒಂದೇ ಪೆಟ್ಟಿಗೆ ಈ ಎರಡೂ ಕಡೆ ಕೆಲಸಕ್ಕೆ ಬರಬೇಕು.

ಅಳತೆಯ ಲೆಕ್ಕ

ಪೆಟ್ಟಿಗೆ ಕಟ್ಟುವ ಮೊದಲು ಒಂದು ಲೆಕ್ಕ ಮಾಡಬೇಕು. ಲೇಪಾಕ್ಷಿಯ ಪ್ರಸಿದ್ಧ ವೀರಭದ್ರನ ಛಾವಣಿಚಿತ್ರ ಸುಮಾರು 24 ಅಡಿ ಉದ್ದ, 14 ಅಡಿ ಅಗಲ. ಇದನ್ನು ಅಂಚೆ ಕಾರ್ಡಿನಷ್ಟು ಹಾಳೆಯಲ್ಲಿ 12 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲಕ್ಕೆ ಇಳಿಸಿದರೆ ಒಂದೊಂದು ಸೆಂಟಿಮೀಟರೂ 2 ಅಡಿಯನ್ನು ಹೊರಬೇಕಾಗುತ್ತದೆ. ಮೂಲದಲ್ಲಿ ಬೆರಳಗಲದ ಕಪ್ಪು ರೇಖೆ ಹಾಳೆಯಲ್ಲಿ ಮಿಲಿಮೀಟರಿನ ಕಾಲುಭಾಗವಾಗುತ್ತದೆ. ಸೆರಗಿನ ಹೂವು ಮಾಯವೇ ಆಗುತ್ತದೆ. ಆದ್ದರಿಂದ ಚಿಕಣಿ ಚಿತ್ರವೆಂದರೆ ದೊಡ್ಡದನ್ನು ಕುಗ್ಗಿಸುವುದಲ್ಲ, ಆರಿಸುವುದು. ಇಡೀ ಛಾವಣಿಯ ವಿನ್ಯಾಸಕ್ಕೆ ಒಂದು ಹಾಳೆ, ಒಬ್ಬ ಸ್ತ್ರೀಯ ಸೆರಗಿಗೆ ಮತ್ತೊಂದು ಹಾಳೆ ಎಂದು ಮೊದಲೇ ಗೊತ್ತುಮಾಡಿಕೊಂಡವನು ಸುಖಿ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಈ ಶಿಸ್ತು ಅಪರಿಚಿತವಾಗಬೇಕಿಲ್ಲ. ಕಂದಪದ್ಯದಲ್ಲಿ ಮೊದಲ ಮತ್ತು ಮೂರನೆಯ ಪಾದಗಳಿಗೆ 12, ಎರಡನೆಯ ಮತ್ತು ನಾಲ್ಕನೆಯ ಪಾದಗಳಿಗೆ 20, ಒಟ್ಟು 64 ಮಾತ್ರೆಗಳು ಮಾತ್ರ. ಕವಿ ಹೇಳಬೇಕಾದುದೆಲ್ಲ ಅಷ್ಟರೊಳಗೇ ಹಿಡಿಸಬೇಕು. ಪಯಣದ ಬಣ್ಣದ ಪೆಟ್ಟಿಗೆಯೂ ಅಂಥದೇ ಒಂದು ಛಂದಸ್ಸು.

ಬಣ್ಣ

ಪೆಟ್ಟಿಗೆಗೆ ಶಾಲೆಯ ಹಳೆಯ ಕಂಪಾಸ್ ಡಬ್ಬಿ ಸಾಕು. ಅದರೊಳಗೆ ಬಣ್ಣದ ಬಿಲ್ಲೆಗಳನ್ನು ಸಾಲಾಗಿ ಅಂಟಿಸಿ, ಮುಚ್ಚಳದ ಒಳಮೈಯನ್ನು ಬಣ್ಣ ಬೆರೆಸುವ ತಟ್ಟೆಯಾಗಿ ಬಳಸಬಹುದು. ಹಿಂದಿನ ಚಿತ್ರಕಾರರು ಬಣ್ಣವಿಡಲು ಕಪ್ಪೆಚಿಪ್ಪುಗಳನ್ನು ಬಳಸುತ್ತಿದ್ದುದೂ ಇದೇ ಅನುಕೂಲಕ್ಕಾಗಿ.

ಎಷ್ಟು ಬಣ್ಣ? ಲೇಪಾಕ್ಷಿಗೆ ಆರು ಸಾಕು. ಅಲ್ಲಿನ ಹಿನ್ನೆಲೆ ಬಹುಮಟ್ಟಿಗೆ ಕೆಂಪು, ರೇಖೆ ಕಪ್ಪು, ನೀಲಿಯ ಪಾಲು ತೀರ ಕಡಿಮೆ. ಮೊದಲನೆಯದು ಜಾಜು, ಅಂದರೆ ಕಾವಿಯ ಕೆಮ್ಮಣ್ಣು. ಇದನ್ನೇ ಮರಾಠಿಗರು ಗೇರು ಎನ್ನುತ್ತಾರೆ, ಸಂಸ್ಕೃತದಲ್ಲಿ ಗೈರಿಕ. ಎರಡನೆಯದು ಹಳದಿ ಮಣ್ಣು. ಮೂರನೆಯದು ಇಂಗಳೀಕದ ಉಜ್ವಲ ಕೆಂಪು. ನಾಲ್ಕನೆಯದು ಹಸಿರು ಮಣ್ಣು. ಐದನೆಯದು ಕಾಡಿಗೆಯ ಕಪ್ಪು. ಆರನೆಯದು ಬಿಳಿ. ಕಲ್ಯಾಣದುರ್ಗದ ಆಕಾಶಕ್ಕಾಗಿ ನೀಲಿಯ ಒಂದು ತುಣುಕನ್ನು ಮೂಲೆಯಲ್ಲಿ ಸೇರಿಸಿಕೊಂಡರೆ ಪೆಟ್ಟಿಗೆ ತುಂಬಿತು.

ಈ ಮಿತಿ ಬಡತನವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಚಿತ್ರಪ್ರಕರಣವೂ ಶಂಖದ ಬಿಳಿ, ಕೆಂಪಿನ ಕೆಲವು ಭೇದಗಳು, ಹರಿದಳದ ಹಳದಿ, ಕಾಡಿಗೆಯ ಕಪ್ಪು ಇವನ್ನು ಶುದ್ಧವರ್ಣಗಳೆಂದು ಎಣಿಸಿ, ಉಳಿದವನ್ನು ಬೆರಕೆಯಿಂದ ಪಡೆಯಲು ಹೇಳುತ್ತದೆ. ಅದೇ ಗ್ರಂಥ ವಿವರಿಸುವ ವಜ್ರಲೇಪವೆಂಬ ಅಂಟು ಪಯಣಿಗನಿಗೆ ಇನ್ನೂ ಹತ್ತಿರದ್ದು. ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ಕುದಿಸಿ, ಕಡ್ಡಿಗಳಾಗಿ ಮಾಡಿ ಬಿಸಿಲಿಗೆ ಒಣಗಿಸಿಟ್ಟರೆ, ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿಕೊಳ್ಳಬಹುದು. ಒಣಗಿಸಿ ಕೊಂಡೊಯ್ದು, ನೀರಿನಿಂದ ಮತ್ತೆ ಎಬ್ಬಿಸುವ ತತ್ತ್ವವೇ ಇಂದಿನ ಬಣ್ಣದ ಬಿಲ್ಲೆಯದೂ. ತವರದ ಹಿಂಡುನಳಿಕೆ ಬಂದದ್ದು ಬಹಳ ತಡವಾಗಿ, 1841ರಲ್ಲಿ, ಅಮೆರಿಕದ ಚಿತ್ರಕಾರ ಜಾನ್ ರ‍್ಯಾಂಡ್‌ನ ಕೈಯಿಂದ.

ಅನಂತಪುರದ ಸೀಮೆ ದೇಶದ ಅತಿ ಒಣ ಪ್ರದೇಶಗಳಲ್ಲೊಂದು. ಅಲ್ಲಿನ ಬೇಸಗೆಯಲ್ಲಿ ಬಿಲ್ಲೆ ಬಿರುಕು ಬಿಟ್ಟು ಪುಡಿಯಾಗುತ್ತದೆ. ಮನೆಯಲ್ಲೇ ಬಿಲ್ಲೆ ಮಾಡಿಕೊಳ್ಳುವವರು ಗೋಂದಿನ ನೀರಿಗೆ ಎರಡು ಹನಿ ಜೇನು ಸೇರಿಸುವುದು ಇದಕ್ಕಾಗಿ: ಜೇನು ತೇವವನ್ನು ಹಿಡಿದಿಡುತ್ತದೆ. ಹೆಚ್ಚಾದರೆ ಬಣ್ಣ ಜಿಗುಟಾಗಿ ಇರುವೆ ಮುತ್ತುತ್ತದೆ.

ಕುಂಚ

‘ಮಾನಸೋಲ್ಲಾಸ’ ಕುಂಚಗಳನ್ನು ಸ್ಥೂಲ, ಮಧ್ಯ, ಸೂಕ್ಷ್ಮ ಎಂದು ಮೂರಾಗಿ ವಿಂಗಡಿಸುತ್ತದೆ. ಪಯಣಕ್ಕೂ ಮೂರೇ ಸಾಕು: ಹಿನ್ನೆಲೆಗೆ 4ನೆಯ ಸಂಖ್ಯೆಯದು, ಉಡುಗೆಗೆ 1ನೆಯದು, ಕಣ್ಣಿನ ರೆಪ್ಪೆಗೆ ಮೂರು ಸೊನ್ನೆಯದು. ಮೈಸೂರಿನ ಸಂಪ್ರದಾಯದವರು ಅಳಿಲಿನ ಕೂದಲಿನ ಕುಂಚಗಳನ್ನು ಮೆಚ್ಚುತ್ತಿದ್ದರು. ಇಂದಿನ ಕೃತಕ ಕೂದಲಿನವು ಅಭ್ಯಾಸಕ್ಕೆ ಧಾರಾಳವಾಗಿ ಸಾಕು. ಮುಂಗುಸಿ ಕೂದಲಿನ ಕುಂಚಗಳ ಮಾರಾಟ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಯಾರಾದರೂ ಅಗ್ಗಕ್ಕೆ ಕೊಟ್ಟರೂ ಅದನ್ನು ಕೊಳ್ಳಲಾಗದು.

ಬಸ್ಸಿನ ಕುಲುಕಾಟದಲ್ಲಿ ಮೊದಲು ಕೆಡುವುದು ಕುಂಚದ ಮೊನೆ. ಎಳನೀರಿನ ಕೊಳವೆಯ ತುಂಡೊಂದನ್ನು ಮೊನೆಗೆ ಒರೆಯಂತೆ ತೊಡಿಸಿದರೆ ಅದು ಉಳಿಯುತ್ತದೆ. ಮೊನೆ ಕೂಡಿಸಲು ಕುಂಚವನ್ನು ತುಟಿಗೆ ಒತ್ತುವ ಚಾಳಿ ಚಿಕಣಿಕಾರರಲ್ಲಿ ಸಾಮಾನ್ಯ. ಅದನ್ನು ಕಲಿಯದಿರುವುದೇ ಲೇಸು. ಹರಿದಳದಲ್ಲಿ ಪಾಷಾಣ, ಇಂಗಳೀಕದಲ್ಲಿ ಪಾದರಸ, ಸಿಂಧೂರದಲ್ಲಿ ಸೀಸವಿದೆ. ಅವುಗಳ ಹೆಸರನ್ನು ಉಳಿಸಿಕೊಂಡು, ಬಣ್ಣವನ್ನು ಮಾತ್ರ ಇಂದಿನ ನಿರಪಾಯ ಬದಲಿಗಳಿಂದ ಪಡೆಯಬೇಕು. ಮೊನೆ ಕೂಡಿಸಲು ಹತ್ತಿಬಟ್ಟೆಯ ಚೂರು ಸಾಕು.

ಹಾಳೆ, ನೀರು, ಕನ್ನಡಿ

ಅಂಚೆ ಕಾರ್ಡಿನ ಅಳತೆಯ ದಪ್ಪ ಹತ್ತಿಕಾಗದದ ಎಂಟು ಹಾಳೆ, ಅವನ್ನು ಸಿಕ್ಕಿಸಲು ಅದೇ ಅಳತೆಯ ರಟ್ಟು, ಎರಡು ಕ್ಲಿಪ್ಪು. ಮೈಸೂರಿನ ಚಿತ್ರಕಾರರು ಹುಣಸೆಕಡ್ಡಿಯನ್ನು ಸುಟ್ಟ ಇದ್ದಿಲಿನಿಂದ ಮೊದಲ ರೇಖೆ ಎಳೆಯುತ್ತಿದ್ದರು. ಪಯಣದಲ್ಲಿ ಇದ್ದಿಲು ಹಾಳೆಗೆಲ್ಲ ಹರಡುವುದರಿಂದ ಗಟ್ಟಿ ಸೀಸದ ಪೆನ್ಸಿಲು ಮೇಲು. ನೀರಿಗೆ ಹೋಮಿಯೋಪತಿ ಔಷಧದಂಥ ಎರಡು ಸಣ್ಣ ಶೀಶೆಗಳು: ಒಂದು ಕುಂಚ ತೊಳೆಯಲು, ಮತ್ತೊಂದು ಬಣ್ಣ ಕಲಸಲು. ಜೊತೆಗೆ ಒಂದು ಭೂತಗನ್ನಡಿ.

ಲೇಪಾಕ್ಷಿಗೆ ಹೆಚ್ಚಿನ ಒಂದು ವಸ್ತು ಬೇಕು: ಅಂಗೈಯಗಲದ ಕನ್ನಡಿ. ಗಂಟೆಗಟ್ಟಲೆ ಕತ್ತೆತ್ತಿ ಛಾವಣಿ ನೋಡಲಾಗದು. ಕನ್ನಡಿಯನ್ನು ತೊಡೆಯ ಮೇಲಿಟ್ಟುಕೊಂಡರೆ ಛಾವಣಿ ಕೆಳಗಿಳಿದು ಬರುತ್ತದೆ. ಆದರೆ ಅದರಲ್ಲಿ ಎಡ ಬಲವಾಗುತ್ತದೆ. ಬಲಗೈಯ ಖಡ್ಗ ಎಡಗೈಗೆ ಹೋದರೆ ಮೂರ್ತಿಲಕ್ಷಣವೇ ಕೆಡುತ್ತದೆ. ಮೊದಲ ರೇಖೆಯನ್ನು ನೇರವಾಗಿ ನೋಡಿ ಎಳೆದು, ವಿವರಗಳಿಗೆ ಮಾತ್ರ ಕನ್ನಡಿಯನ್ನು ಬಳಸುವುದು ಕ್ಷೇಮ.

ಅದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಕಾಗದವನ್ನು ಚಿತ್ರಗಳಿಗೆ ಒತ್ತಿ ಅಚ್ಚೆತ್ತುವುದು, ಬಣ್ಣ ಎದ್ದುಕಾಣಲೆಂದು ನೀರು ಚಿಮುಕಿಸುವುದು ಸಲ್ಲದು. ಐದು ಶತಮಾನಗಳ ಗಾರೆಯ ಮೇಲಿನ ತೆಳುಪದರ ಅನೇಕ ಕಡೆ ಈಗಾಗಲೇ ಉದುರಿದೆ. ಪೆಟ್ಟಿಗೆ ಚಿಕ್ಕದಾಗಿರಬೇಕೆಂಬುದಕ್ಕೆ ಇದೂ ಕಾರಣ: ಮಡಿಲಲ್ಲಿ ಹಿಡಿಸುವ ಸಾಮಗ್ರಿ ಕಂಬಕ್ಕೆ ತಾಗುವುದಿಲ್ಲ, ಕಲ್ಲುಹಾಸಿನ ಮೇಲೆ ಬಣ್ಣ ಚೆಲ್ಲುವುದಿಲ್ಲ, ಪೂಜೆಗೆ ಬಂದವರ ದಾರಿಗೆ ಅಡ್ಡವಾಗುವುದಿಲ್ಲ.

ಬಯಲಿನ ಕೆಲಸ

ಕಲ್ಯಾಣದುರ್ಗದಲ್ಲಿ ಕನ್ನಡಿ ಬೇಡ, ಅಗಲ ಅಂಚಿನ ಟೋಪಿ ಬೇಕು. ಬಿಸಿಲು ನೇರವಾಗಿ ಬಿದ್ದ ಬಿಳಿ ಹಾಳೆ ಕಣ್ಣು ಕೋರೈಸುವುದರಿಂದ ಬಣ್ಣವನ್ನು ಬೇಕಾದುದಕ್ಕಿಂತ ಗಾಢವಾಗಿ ಹಚ್ಚಿಬಿಡುವುದುಂಟು. ಹಾಳೆಯನ್ನು ಸ್ವಂತ ನೆರಳಿನಲ್ಲಿಟ್ಟುಕೊಂಡರೆ ತಪ್ಪೀತು. ಗಾಳಿಗೆ ಬಣ್ಣ ಕ್ಷಣದಲ್ಲಿ ಆರುವುದರಿಂದ ಬೆಳಗಿನ ಹೊತ್ತೇ ಅಲ್ಲಿ ಯೋಗ್ಯ.

ಈ ನೆಲದಲ್ಲಿ ಹೀಗೆ ಅಲೆದವರು ಹಿಂದೆಯೂ ಇದ್ದರು. 1800ರಲ್ಲಿ ಈ ಸೀಮೆ ನಿಜಾಮನಿಂದ ಕಂಪನಿಯ ಕೈಸೇರಿತು. ಕರ್ನಲ್ ಕಾಲಿನ್ ಮೆಕೆಂಜಿಯ ಕೈಫಿಯತ್ತುಗಳನ್ನು ಕನ್ನಡ ವಿದ್ಯಾರ್ಥಿಗಳು ಬಲ್ಲರು. ಅವನ ಜೊತೆಗಿದ್ದ ನಕ್ಷೆಗಾರರು ಊರೂರಿನಲ್ಲಿ ಬರೆದ ಜಲವರ್ಣ ಚಿತ್ರಗಳನ್ನು ಬಲ್ಲವರು ಕಡಿಮೆ. ಅವು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಧರ್ಮಾವರದ ಬಳಿಯ ನಿಮ್ಮಲಕುಂಟದ ತೊಗಲುಗೊಂಬೆಯ ಕುಟುಂಬಗಳು ಮನೆಯಲ್ಲಿ ಮರಾಠಿಯ ಒಂದು ಬಗೆಯನ್ನು, ಆಟದಲ್ಲಿ ತೆಲುಗನ್ನು ಆಡುವವರು. ಆ ಊರಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು. ರಾಮಾಯಣ ಮಹಾಭಾರತಗಳನ್ನೇ ಒಂದು ಪೆಟ್ಟಿಗೆಯಲ್ಲಿ ಮಡಚಿಟ್ಟು ಹಳ್ಳಿಯಿಂದ ಹಳ್ಳಿಗೆ ಹೊತ್ತವರು ಇಂಥ ಗೊಂಬೆಯಾಟದವರು.

ಕೊನೆಯದು, ಆದರೆ ಬಿಡಬಾರದ್ದು

ಪೆಟ್ಟಿಗೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಪುಸ್ತಕವಿರಲಿ. ಪ್ರತಿ ಹಾಳೆಗೂ ದಿನಾಂಕ, ಮಂಟಪದ ಯಾವ ಅಂಕಣ, ಎಲ್ಲಿ ಗಾರೆ ಉದುರಿದೆ, ಯಾವ ಬಣ್ಣ ಕಂಡಿತು, ಯಾವುದು ಊಹೆ ಎಂಬುದನ್ನು ಬರೆಯಬೇಕು. ಉದುರಿದ ಭಾಗವನ್ನು ಕಲ್ಪನೆಯಿಂದ ತುಂಬದೆ ಹಾಳೆಯಲ್ಲೂ ಖಾಲಿ ಬಿಡಬೇಕು. ಗ್ರಂಥಸಂಪಾದಕನು ತ್ರುಟಿತ ಪಾಠವನ್ನು ಚುಕ್ಕಿಗಳಿಂದ ಸೂಚಿಸುವಂತೆಯೇ ಇದು. ಹತ್ತು ವರ್ಷಗಳ ಬಳಿಕ ಆ ಸೆರಗಿನ ಹೂವು ಛಾವಣಿಯಲ್ಲಿ ಉಳಿಯದಿದ್ದರೆ, ವಿದ್ಯಾರ್ಥಿಯೊಬ್ಬ ಬರೆದ ಈ ಕಾರ್ಡು ಸಾಕ್ಷಿಯಾಗಬಲ್ಲದು. ಆದರೆ ಪ್ರಾಮಾಣಿಕವಾಗಿದ್ದರೆ ಮಾತ್ರ. ಬಣ್ಣದ ಹೆಸರನ್ನು ಜಾಜು, ಹರಿದಳ, ಇಂಗಳೀಕ ಎಂದೇ ಬರೆದರೆ, ನಿಘಂಟಿನ ಪುಟದಲ್ಲಿ ಒಣಗುತ್ತಿರುವ ಆ ಪದಗಳಿಗೂ ಒಂದಿಷ್ಟು ನೀರು ತಾಗೀತು.

ಹೊರಡುವ ಹಿಂದಿನ ದಿನ ಒಂದು ಪರೀಕ್ಷೆ ಮಾಡಬೇಕು. ಕಟ್ಟಿದ ಪೆಟ್ಟಿಗೆಯನ್ನು ಮನೆಯ ಮೆಟ್ಟಿಲಿನ ಮೇಲೆ ತೆರೆದು, ಎದ್ದು ಒಳಹೋಗದೆ, ಅದರಲ್ಲಿರುವಷ್ಟರಿಂದಲೇ ಒಂದು ಚಿತ್ರ ಮುಗಿಸಬೇಕು. ನಡುವೆ ಯಾವುದಕ್ಕಾಗಿ ಏಳಬೇಕಾಯಿತೋ ಅದನ್ನು ಸೇರಿಸಬೇಕು. ಮುಟ್ಟದೆಯೇ ಉಳಿದುದನ್ನು ತೆಗೆದಿಡಬೇಕು.