ಸ್ಥಿರಾರಯಂತ್ರ: ಜಪಾನಿನ ಕಡೆಯ ವಿಮಾನ ಎಂಜಿನುಗಳ ವಿಚಾರ

'ರೇಡಿಯಲ್', 'ರೋಟರಿ' ಎಂಬ ಎರಡು ಆಂಗ್ಲ ಶಬ್ದಗಳಿಗೂ 'ಚಕ್ರಾಕಾರದ ಎಂಜಿನು' ಎಂಬ ಒಂದೇ ಅನುವಾದವನ್ನು ಮಾಡಿದರೆ ಅರ್ಥಹಾನಿಯುಂಟಾಗುತ್ತದೆ. ಎರಡರಲ್ಲಿಯೂ ಸಿಲಿಂಡರುಗಳು ಗಾಲಿಯ ಅರಗಳಂತೆ ನಾಭಿಯ ಸುತ್ತ ಹರಡಿರುವುವೆಂಬುದು ದಿಟ. ಆದರೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪ್ರಚುರವಾಗಿದ್ದ ರೋಟರಿಯಲ್ಲಿ ಅಚ್ಚು ನಿಂತಿದ್ದು ಅರಗಳೇ ತಿರುಗುತ್ತಿದ್ದುವು. ರೇಡಿಯಲ್ಲಿನಲ್ಲಿ ಅರಗಳು ನಿಂತು ಅಚ್ಚು ತಿರುಗುತ್ತದೆ. ಆದಕಾರಣ ಅದನ್ನು 'ಚಲಾರ'ವೆಂದೂ ಇದನ್ನು 'ಸ್ಥಿರಾರ'ವೆಂದೂ ಕರೆಯುವುದು ಯುಕ್ತವೆಂದು ನನ್ನ ಮತ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಜಪಾನು ನಡೆಸಿದ ಪ್ರಯೋಗಗಳಲ್ಲಿ ಹಲವು ಈ ಸ್ಥಿರಾರದವು.

ಋಗ್ವೇದದ ಅಸ್ಯವಾಮೀಯ ಸೂಕ್ತದಲ್ಲಿ ಐದು ಅರಗಳ ಚಕ್ರವೂ ಉಂಟು, ಹನ್ನೆರಡು ಅರಗಳ ಚಕ್ರವೂ ಉಂಟು. ಸ್ಥಿರಾರದ ಒಂದು ಸಾಲಿಗೆ ಐದು ಒಗ್ಗುತ್ತದೆ, ಹನ್ನೆರಡು ಒಗ್ಗದು. ಕಾರಣವಿಷ್ಟೆ: ಅಚ್ಚು ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿಯೊಂದು ಸಿಲಿಂಡರಿನಲ್ಲಿಯೂ ಇಂಧನವು ಒಮ್ಮೆ ಮಾತ್ರ ಉರಿಯಬೇಕು. ಏಳು ಇದ್ದರೆ ೧, ೩, ೫, ೭ ಉರಿದು, ಮುಂದಿನ ಸುತ್ತಿನಲ್ಲಿ ೨, ೪, ೬ ಉರಿಯುತ್ತವೆ. ಅಂತರವು ಎಲ್ಲಿಯೂ ಕೆಡದು. ಆರು ಇದ್ದರೆ ೧, ೩, ೫ರ ಬಳಿಕ ಸರದಿಯು ಪುನಃ ೧ಕ್ಕೇ ಬಂದು ನಿಲ್ಲುತ್ತದೆ. ಹೀಗಾಗಿ ಶಕ್ತಿ ಹೆಚ್ಚಬೇಕಾದರೆ ಸಾಲಿನಲ್ಲಿ ಬೆಸಸಂಖ್ಯೆಯನ್ನೇ ಉಳಿಸಿಕೊಂಡು ಸಾಲಿನ ಹಿಂದೆ ಸಾಲನ್ನು ಇಡುವುದೊಂದು ಮಾರ್ಗ.

ಇಂಥ ಯಂತ್ರಗಳು ಕನ್ನಡನಾಡಿಗೆ ಅಪರಿಚಿತವಲ್ಲ. ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳ ದುರಸ್ತಿಯ ನೆಲೆಯಾಯಿತು. ಬೆಳ್ಳಂದೂರಿನ ಕೆರೆಯಲ್ಲಿ ಇಳಿದು ಅಲ್ಲಿಗೆ ಹೋಗುತ್ತಿದ್ದ ಕ್ಯಾಟಲೀನಾ ನೀರುವಿಮಾನಕ್ಕೆ ಏಳೇಳರ ಎರಡು ಸಾಲಿನ, ೧೪ ಸಿಲಿಂಡರುಗಳ, ಸುಮಾರು ೧,೨೦೦ ಅಶ್ವಶಕ್ತಿಯ ಎಂಜಿನುಗಳು ಎರಡಿದ್ದುವು.

ಜಪಾನಿನವರು ಒಂಬತ್ತೊಂಬತ್ತರ ಎರಡು ಸಾಲಿಗೆ ಏರಿದರು. ಅವರ ಎಂಜಿನುಗಳ ಹೆಸರಿನ ಮೊದಲಲ್ಲಿರುವ 'ಹಾ' ಎಂಬುದು 'ಹತ್ಸುದೋಕಿ', ಅರ್ಥಾತ್ ಎಂಜಿನು, ಎಂಬ ಶಬ್ದದ ಆದ್ಯಕ್ಷರ. ಮಿತ್ಸುಬಿಶಿಯ ಹಾ-೪೩ಕ್ಕೆ ಸುಮಾರು ೨,೨೦೦ ಅಶ್ವಶಕ್ತಿ. ನಕಾಜಿಮಾದ ಹಾ-೪೪ಕ್ಕೆ ೨,೪೦೦ರ ಆಸುಪಾಸು. 'ರೆಪ್ಪೂ' ಎಂಬ ಯುದ್ಧವಿಮಾನವು ೧೯೪೪ರ ಮೇ ತಿಂಗಳಲ್ಲಿ 'ಹೋಮಾರೆ' ಎಂಬ ಹಿಂದಿನ ಎಂಜಿನಿನಿಂದ ಹಾರಿದಾಗ ಶಕ್ತಿ ಸಾಲದೆ ಹೋಯಿತು; ಅದೇ ಅಕ್ಟೋಬರಿನಲ್ಲಿ ಹಾ-೪೩ನ್ನು ತೊಡಿಸಿದ ಮೇಲೆ ಅದರ ನಡೆಯೇ ಬೇರೆಯಾಯಿತು. ಆದರೆ ಡಿಸೆಂಬರಿನಲ್ಲಿ ನಗೋಯಾ ಪ್ರಾಂತವನ್ನು ಭೂಕಂಪವು ನಡುಗಿಸಿತು. ಅದೇ ತಿಂಗಳು ೧೩ರಂದು ಅಲ್ಲಿಯ ಮಿತ್ಸುಬಿಶಿ ಎಂಜಿನ್ ಕಾರ್ಖಾನೆಯ ಮೇಲೆ ಬಿ-೨೯ ವಿಮಾನಗಳು ಬಾಂಬು ಸುರಿದುವು. ಹಾ-೪೩ನ್ನೇ ಬೆನ್ನಹಿಂದೆ ಹೊತ್ತ 'ಶಿಂದೆನ್' ಮೊದಲು ಹಾರಿದ್ದು ೧೯೪೫ರ ಆಗಸ್ಟ್ ೩ರಂದು. ಯುದ್ಧ ಮುಗಿಯಲು ಎರಡು ವಾರವೂ ಉಳಿದಿರಲಿಲ್ಲ.

ನಿಜವಾದ ತೊಡಕು ಬಾಂಬಿಗಿಂತ ಮೊದಲಿನದು. ಈ ಎಂಜಿನುಗಳನ್ನು ತಣಿಸುವುದು ಎದುರುಗಾಳಿ. ಹಿಂದಿನ ಸಾಲು ಮುಂದಿನದರ ಮರೆಯಲ್ಲಿರುವುದರಿಂದ ಅದಕ್ಕೆ ದೊರೆಯುವುದು ಆಗಲೇ ಬಿಸಿಯಾದ ಗಾಳಿ. ಉತ್ತಮ ದರ್ಜೆಯ ಪೆಟ್ರೋಲಿನ ಅಭಾವದಲ್ಲಿ ನೀರು ಮತ್ತು ಮೆಥನಾಲುಗಳನ್ನು ಬೆರೆಸಿ ಚಿಮ್ಮಿಸಬೇಕಾಯಿತು. ತಾಪವನ್ನು ಸಹಿಸುವ ಮಿಶ್ರಲೋಹಗಳಿಗೆ ಬೇಕಾದ ನಿಕ್ಕಲೂ ಕೋಬಾಲ್ಟೂ ವಿರಳವಾದುವು. ಬಿ-೨೯ರ ೧೮ ಸಿಲಿಂಡರಿನ ಎಂಜಿನೂ ಕಾದು ಬೆಂಕಿ ಹತ್ತುತ್ತಿದ್ದಿತೆಂಬುದನ್ನು ನೆನೆದರೆ, ದೋಷವನ್ನು ಜಪಾನಿನ ಎಂಜಿನಿಯರುಗಳ ಬುದ್ಧಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಅಮೆರಿಕಕ್ಕೆ ತಿದ್ದಿಕೊಳ್ಳಲು ಲೋಹವೂ ಕಾಲವೂ ಇದ್ದುವು.

ಆದರೂ ಅವರು ಸಂಖ್ಯೆಯನ್ನು ಏರಿಸುತ್ತಲೇ ಹೋದರು. ಹಾ-೫೦ಕ್ಕೆ ಹನ್ನೊಂದರ ಎರಡು ಸಾಲು, ಅಂದರೆ ೨೨. ನೆಲದಲ್ಲಿ ಹೂತಿದ್ದ ಅದರ ಒಂದು ಎಂಜಿನು ೧೯೮೪ರಲ್ಲಿ ತೋಕಿಯೋದ ಹನೇದಾ ವಿಮಾನನಿಲ್ದಾಣದಲ್ಲಿ ದೊರೆಯಿತು. ತುಕ್ಕು ತಿಂದ ಆ ಅವಶೇಷವು ನರಿತಾದ ಸಂಗ್ರಹಾಲಯದಲ್ಲಿದೆ. 'ಫುಗಾಕು' ಎಂಬ ಆರು ಎಂಜಿನುಗಳ ಬಾಂಬರಿಗೆಂದು ಸಂಕಲ್ಪಿಸಿದ ಹಾ-೫೪ಕ್ಕೆ ನಾಲ್ಕು ಸಾಲು, ೩೬ ಸಿಲಿಂಡರು, ೫,೦೦೦ ಅಶ್ವಶಕ್ತಿಯ ಗುರಿ. ಆ ವಿಮಾನವು ಹುಟ್ಟಲೇ ಇಲ್ಲ.

ನಮ್ಮ ಕೋಡಿಬಾಗಕ್ಕೆ ಸಮೀಪದಲ್ಲಿ, ಕಾರವಾರದ ಕಡಲತೀರದಲ್ಲಿ, ನೌಕಾದಳವು ೨೦೧೭ರಲ್ಲಿ ಸೇವೆಯಿಂದ ಬಿಡಿಸಿದ ಟುಪೊಲೆವ್-೧೪೨ ಜಾತಿಯ ವಿಮಾನವೊಂದು ನಿಂತಿದೆ. ಅದರ ಪ್ರೊಪೆಲರುಗಳನ್ನು ಕಂಡು ಇದೂ ಸ್ಥಿರಾರವೇ ಎಂದು ಭ್ರಮಿಸಬಾರದು. ಅದರ ನಾಲ್ಕು ಎಂಜಿನುಗಳಲ್ಲಿ ಒಂದೊಂದರ ಬಲವೂ ಸುಮಾರು ೧೫,೦೦೦ ಅಶ್ವಶಕ್ತಿ. ಉರಿದ ಅನಿಲವು ಟರ್ಬೈನನ್ನು ತಿರುಗಿಸುವ ಆ ಯಂತ್ರದಲ್ಲಿ ಸಿಲಿಂಡರೆಂಬುದು ಒಂದೂ ಇಲ್ಲ.