ಬೀಗ ಹಾಕಿ ಮರೆತ ಚೀನಿ ಅಂಗಡಿ!

ತನ್ನ ಹೆಸರಿಗೇ ಬರೆದುಕೊಟ್ಟ ಕಟ್ಟಡ ಯಾರದು ಅಂತ ಊರಿನ ಪುರಸಭೆಗೇ ಗೊತ್ತಿಲ್ಲದಿದ್ದರೆ ಏನನ್ನಬೇಕು? ಅಮೆರಿಕದ ಜಾನ್ ಡೇ ಎಂಬ ಪುಟ್ಟ ಊರಿನಲ್ಲಿ ಇದೇ ಆಯ್ತು. ಒಂದೆರಡು ದಿನವಲ್ಲ, ಬರೋಬ್ಬರಿ 12 ವರ್ಷ!

ಊರು ಇರುವುದು ಒರೆಗಾನ್ ರಾಜ್ಯದ ಪೂರ್ವ ಭಾಗದ ಬೆಟ್ಟಗಾಡಿನಲ್ಲಿ. 1862ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. ಚಿನ್ನದ ಹಿಂದೆ ಜನ ಬಂದರು. ಸಮುದ್ರ ದಾಟಿ ಚೀನಾದವರೂ ಬಂದರು. ಆ ದಶಕದಲ್ಲೇ ಎದ್ದ ಕಲ್ಲಿನ ಕಟ್ಟಡವಿದು. ದಪ್ಪ ಗೋಡೆ, ಸಣ್ಣ ಕಿಟಕಿ, ತಗಡು ಬಡಿದ ಬಾಗಿಲು. ನೋಡಿದರೆ ಅಂಗಡಿಯಲ್ಲ, ಪುಟ್ಟ ಕೋಟೆ. ಬಾಗಿಲ ಮೇಲೆ ಗುಂಡೇಟಿನ ಗುರುತುಗಳೂ ಇವೆ. ಪರದೇಶಿ ವ್ಯಾಪಾರಿಯ ಬಾಳು ಅಲ್ಲಿ ಹೇಗಿತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

1887ರಲ್ಲಿ ಇಬ್ಬರು ಚೀನೀಯರು ಪಾಲುದಾರರಾಗಿ ಇಲ್ಲಿ ವ್ಯಾಪಾರಕ್ಕೆ ಕೂತರು. ಲಂಗ್ ಆನ್ ಮತ್ತು ಇಂಗ್ ಹೇ. ಅಂಗಡಿಯ ಹೆಸರು ಕಾಮ್ ವಾ ಚಂಗ್. ಲಂಗ್ ಆನ್ ಮಾತಿನ ಮಲ್ಲ, ಇಂಗ್ಲಿಷ್ ಬಲ್ಲವ, ಲೆಕ್ಕದಲ್ಲಿ ಪಕ್ಕಾ. ಮುಂದೆ ಕಾರುಗಳನ್ನೂ ಮಾರಿದ. ಇಂಗ್ ಹೇ ನಾಡಿ ಹಿಡಿದು ಬೇರು-ನಾರಿನ ಮದ್ದು ಕೊಡುವ ವೈದ್ಯ. ಮೊದಮೊದಲು ಚೀನಿ ಕೂಲಿಗಳಷ್ಟೇ ಬರುತ್ತಿದ್ದರು. ಬರಬರುತ್ತ ಬಿಳಿಯರೂ ಬಂದು ಕೈಚಾಚಿ ಕೂತರು. ಅದೇ ಸೂರಿನಡಿ ದಿನಸಿ, ದೇವರ ಗೂಡು, ಕಾಗದ ಬರೆಸಿಕೊಳ್ಳುವ ಜಾಗ, ರಾತ್ರಿ ಮಲಗಲು ಹಲಗೆ ಎಲ್ಲವೂ ಇತ್ತು.

ಆದರೆ ಕಾನೂನಿನ ಕಣ್ಣಿಗೆ ಇವರು ಯಾರೂ ಅಲ್ಲ. ಚೀನಿ ಕೂಲಿಗಳು ಬರಕೂಡದು, ಚೀನೀಯರಿಗೆ ಪೌರತ್ವ ಕೊಡಕೂಡದು ಅಂತ 1882ರಲ್ಲೇ ಕಾಯಿದೆ ಆಗಿತ್ತು. ಅದು ರದ್ದಾಗಿದ್ದು 1943ರಲ್ಲಿ. ಅಷ್ಟರಲ್ಲಿ ಲಂಗ್ ಆನ್ ಕಣ್ಣು ಮುಚ್ಚಿ ಮೂರು ವರ್ಷ ಕಳೆದಿತ್ತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ಊರಿಗೆ ದುಡಿದವ ಆ ದೇಶದವನಾಗದೇ ಸತ್ತ. ಹುಟ್ಟಿದೂರಿಗೆ ವಾಪಸ್ ಹೋಗುವುದೂ ಇಬ್ಬರಿಗೂ ಆಗಲಿಲ್ಲ.

1948ರಲ್ಲಿ ಮುದಿ ವೈದ್ಯ ಬಿದ್ದು ಸೊಂಟ ಮುರಿದುಕೊಂಡ. ಪೋರ್ಟ್‌ಲ್ಯಾಂಡ್‌ಗೆ ಸಾಗಿಸಿದರು. ಅಂಗಡಿಗೆ ಬೀಗ ಬಿತ್ತು. 1952ರಲ್ಲಿ ಅವನೂ ಹೋದ. ಮ್ಯೂಸಿಯಂ ಮಾಡಿ ಅಂತ ಸಂಬಂಧಿಕರು 1955ರಲ್ಲಿ ಕಟ್ಟಡವನ್ನು ಊರಿಗೇ ಬರೆದುಕೊಟ್ಟರು. ಪುರಸಭೆಯವರು ಕಾಗದ ತಗೊಂಡರು, ಮರೆತರು!

1967ರಲ್ಲಿ ಪಾರ್ಕ್ ಮಾಡಬೇಕು ಅಂತ ಜಾಗ ಅಳೆಯಲು ಹೊರಟಾಗಲೇ ಗೊತ್ತಾಗಿದ್ದು, ಇದು ನಮ್ಮದೇ ಅಂತ. ಒಳಗೆ ಹೋಗಿ ನೋಡಿದರೆ ಎಲ್ಲ ಇಟ್ಟಲ್ಲೇ ಇದೆ. ಐನೂರಕ್ಕೂ ಹೆಚ್ಚು ಬಗೆಯ ಮದ್ದು ಡಬ್ಬಿ-ಪೆಟ್ಟಿಗೆಗಳಲ್ಲಿ. ಊರಿಂದ ಬಂದ ಕಾಗದಗಳ ಕಟ್ಟು. ವೈದ್ಯನ ಮಂಚದ ಕೆಳಗೆ ಬ್ಯಾಂಕಿಗೆ ಹಾಕದೇ ಬಿಟ್ಟ ಚೆಕ್ಕುಗಳು, ಸುಮಾರು 23,000 ಡಾಲರಿನಷ್ಟು! ಕಷ್ಟದಲ್ಲಿದ್ದವರ ದುಡ್ಡು ಅಂತ ಮುಟ್ಟಲಿಲ್ಲವಂತೆ, ಪುಣ್ಯಾತ್ಮ.

ಈಗ ಅದು ಮ್ಯೂಸಿಯಂ. 2005ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಸ್ಮಾರಕದ ಪಟ್ಟವೂ ಸಿಕ್ಕಿತು. ಬದುಕಿದ್ದಾಗ ಒಡೆಯನಿಗೆ ಪೌರತ್ವ ಕೊಡದ ದೇಶ, ಅವನ ಅಂಗಡಿಯನ್ನು ತನ್ನದು ಅಂತ ತೋರಿಸುತ್ತಿದೆ. ಅದನ್ನು ಅಲ್ಲಿಯವರೆಗೆ ಕಾದಿದ್ದು ಮಾತ್ರ ಪುರಸಭೆಯಲ್ಲ, ಒಂದು ಬೀಗ.