ಆಕಾಶದಲ್ಲಿ ಆರೂವರೆ ಅಡಿ ಜಾಗ

ಚಿಕಾಗೋದಲ್ಲಿ ವಿಮಾನ ನಿಂತ ಮೇಲೆ ನನ್ನ ಹೆಂಡತಿಯ ಕಾಲು ಚಪ್ಪಲಿಯೊಳಗೆ ಹೋಗಲೇ ಇಲ್ಲ. ಬೆಂಗಳೂರಿನಲ್ಲಿ ಹತ್ತುವಾಗ ಸಡಿಲವಾಗಿದ್ದ ಚಪ್ಪಲಿ ಅದು. ಬೆಂಗಳೂರಿನಿಂದ ಕೊಲ್ಲಿಯ ಒಂದು ಊರಿಗೆ ನಾಲ್ಕು ಗಂಟೆ, ಅಲ್ಲಿ ಮೂರು ಗಂಟೆ ಕಾಯುವುದು, ಆಮೇಲೆ ಒಂದೇ ಸಮನೆ ಹದಿನೈದು ಗಂಟೆ. ಅವಳ ಬಲ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷವಾಗಿತ್ತಷ್ಟೆ. ಕೊನೆಗೆ ಚಪ್ಪಲಿ ಕೈಚೀಲಕ್ಕೆ ಸೇರಿತು. ಕಾಲುಚೀಲದಲ್ಲೇ ಅವಳು ಗಾಲಿಕುರ್ಚಿ ಏರಿದಳು. ಹೊರಗೆ ಕಾದಿದ್ದ ಮಗಳು ಮೊದಲು ನೋಡಿದ್ದು ನಮ್ಮ ಮುಖವನ್ನಲ್ಲ, ಅಮ್ಮನ ಪಾದವನ್ನು.

"ವಾಪಸ್ ಹೋಗುವಾಗ ಅಮ್ಮ ಮಲಗಿಕೊಂಡೇ ಹೋಗಬೇಕು" ಎಂದು ಕಾರಿನಲ್ಲೇ ತೀರ್ಪು ಕೊಟ್ಟಳು.

ಹಿಂದೆ ಕೂತಿದ್ದ ಒಂಬತ್ತು ವರ್ಷದ ಮೊಮ್ಮಗಳು ತಕ್ಷಣ ಕೇಳಿದಳು: "ತಾತ, ಪ್ಲೇನಲ್ಲಿ ಮಂಚ ಹೇಗೆ ಹಿಡಿಸುತ್ತೆ?"

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದವನು ನಾನು. ವಿಮಾನದ ವಿಷಯ ನನಗೇನು ಗೊತ್ತು? ಆದರೆ ಪ್ರಶ್ನೆ ಲೆಕ್ಕದ್ದು. ಲೆಕ್ಕ ತಾಳೆಯಾಗದೆ ಮನೆಗೆ ಹೋಗುವ ಅಭ್ಯಾಸ ನನಗಿಲ್ಲ. ಅಲ್ಲಿದ್ದ ಮೂರು ತಿಂಗಳಲ್ಲಿ ಅವಳೂ ನಾನೂ ಸೇರಿ ಓದಿ, ಅಳೆದು, ಬೆಂಕಿಪೊಟ್ಟಣ ಜೋಡಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಗಟನ್ನು ನೋಡಿ. ಎಕಾನಮಿ ದರ್ಜೆಯಲ್ಲಿ ಒಂದು ಸೀಟಿನ ಬೆನ್ನಿನಿಂದ ಹಿಂದಿನ ಸೀಟಿನ ಬೆನ್ನಿನವರೆಗೆ ಸುಮಾರು 31 ಇಂಚು ಇರುತ್ತದೆ. ಇದಕ್ಕೆ ಪಿಚ್ ಎನ್ನುತ್ತಾರೆ. ಬಿಜಿನೆಸ್ ಕ್ಲಾಸಿನ ಹಾಸಿಗೆಯ ಉದ್ದ ಸುಮಾರು 78 ಇಂಚು, ಅಂದರೆ ಆರೂವರೆ ಅಡಿ. ಹಾಗಾದರೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ 78 ಇಂಚು ಬಿಡಬೇಕಲ್ಲವೆ? ಅಷ್ಟು ಬಿಟ್ಟರೆ ವಿಮಾನ ಕಂಪನಿ ದಿವಾಳಿ! ಈಗಿನ ಎಷ್ಟೋ ವಿಮಾನಗಳಲ್ಲಿ ಸಾಲುಗಳ ನಡುವಿನ ಅಂತರ 44 ಇಂಚಿನ ಆಸುಪಾಸು. ಉಳಿದ 34 ಇಂಚು ಎಲ್ಲಿಂದ ಬಂತು?

ಉತ್ತರ ನಮ್ಮ ದೇಹದಲ್ಲೇ ಇದೆ. ಮಲಗಿದ ಮನುಷ್ಯನಿಗೆ ಭುಜದ ಹತ್ತಿರ ಅಗಲ ಬೇಕು, ಪಾದದ ಹತ್ತಿರ ಬೇಡ. ಕೂತವನಿಗೆ ಪಕ್ಕದಲ್ಲಿ ಲೋಟ, ಕನ್ನಡಕ ಇಡಲು ಒಂದು ಪುಟ್ಟ ಮೇಜು ಬೇಕು. ಆ ಮೇಜಿನ ಕೆಳಗೆ ಖಾಲಿ. ಅದಕ್ಕೆ ಸೀಟುಗಳನ್ನು ಒಂದರ ಹಿಂದೆ ಒಂದು ನೇರವಾಗಿ ಇಡದೆ ಸ್ವಲ್ಪ ಪಕ್ಕಕ್ಕೆ ಸರಿಸಿ ಇಡುತ್ತಾರೆ. ಆಗ ಹಿಂದಿನವರ ಕಾಲು ಮುಂದಿನವರ ಮೇಜಿನ ಕೆಳಗಿನ ಗೂಡಿನೊಳಗೆ ಹೋಗುತ್ತದೆ. ಮುಂದಿನವರು ಕಾಫಿ ಕುಡಿಯುತ್ತಿರುತ್ತಾರೆ, ಅದರ ಕೆಳಗೇ ನಿಮ್ಮ ಪಾದ ನಿದ್ದೆ ಮಾಡುತ್ತಿರುತ್ತದೆ, ಇಬ್ಬರಿಗೂ ತಿಳಿಯುವುದಿಲ್ಲ. ಇನ್ನೊಂದು ಬಗೆಯಲ್ಲಿ ಸೀಟುಗಳನ್ನೇ ಓರೆಯಾಗಿ, ಮೀನಿನ ಮುಳ್ಳಿನ ಹಾಗೆ ಜೋಡಿಸುತ್ತಾರೆ. ಮೊಮ್ಮಗಳು ಬೆಂಕಿಪೊಟ್ಟಣಗಳನ್ನು ಓರೆಯಾಗಿ ಇಟ್ಟು ನೋಡಿ, "ಒಂದರ ಕಾಲು ಇನ್ನೊಂದರ ಸೊಂಟದ ಹತ್ತಿರ" ಎಂದಳು. ಮಕ್ಕಳೇ, ನೀವೂ ಒಮ್ಮೆ ಮಾಡಿ ನೋಡಿ. ಮದುವೆಯ ಛತ್ರದಲ್ಲಿ ಹತ್ತು ಜನರ ಜಾಗದಲ್ಲಿ ಹದಿನೈದು ಜನ ಮಲಗುವ ವಿದ್ಯೆ ಗೊತ್ತಿರುವ ನಮಗೆ ಇದು ಅಷ್ಟೇನೂ ಹೊಸದಲ್ಲ.

ಆಕಾಶದಲ್ಲಿ ಮಲಗುವ ಆಸೆಯೂ ಹೊಸದಲ್ಲ. ಹಳಬರಿಗೆ ಡಕೋಟಾ ವಿಮಾನದ ಹೆಸರು ನೆನಪಿರಬಹುದು. ಅದರ ಮೂಲ ಹೆಸರು ಡಿಸಿ-3. ಡಿಸಿ-3 ಹುಟ್ಟಿದ್ದೇ ಮಲಗುವ ವಿಮಾನವಾಗಿ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಅಮೆರಿಕನ್ ಏರ್‌ಲೈನ್ಸ್‌ನ ಮುಖ್ಯಸ್ಥ ಸಿ.ಆರ್. ಸ್ಮಿತ್, ರಾತ್ರಿಯಿಡೀ ಹಾರುವ ಪ್ರಯಾಣಿಕರು ರೈಲಿನಲ್ಲಿ ಮಲಗಿದಂತೆ ಮಲಗಬೇಕು ಎಂದು ವಿಮಾನ ತಯಾರಕ ಡೊನಾಲ್ಡ್ ಡಗ್ಲಸ್ ಅವರನ್ನು ಒಪ್ಪಿಸಿದರು. ಹಾಗೆ ತಯಾರಾದ ಡಗ್ಲಸ್ ಸ್ಲೀಪರ್ ಟ್ರಾನ್ಸ್‌ಪೋರ್ಟ್ 1935ರ ಡಿಸೆಂಬರ್ 17ರಂದು ಮೊದಲ ಸಲ ಹಾರಿತು. ಅದರಲ್ಲಿ ಮೇಲೆ ಕೆಳಗೆ ಸೇರಿ 14 ಬರ್ತು. ಮೇಲಿನ ಬರ್ತಿನವರಿಗೆಂದೇ ಪುಟ್ಟ ಕಿಟಕಿಗಳಿದ್ದವು. ಅದೇ ವಿಮಾನಕ್ಕೆ ಬರ್ತಿನ ಬದಲು 21 ಸೀಟು ಹಾಕಿದ್ದು ಡಿಸಿ-3. ಹದಿನಾಲ್ಕರ ಬದಲು ಇಪ್ಪತ್ತೊಂದು ಟಿಕೆಟ್! ಮಂಚ ಸೋತು ಕುರ್ಚಿ ಗೆದ್ದದ್ದರಲ್ಲಿ ಆಶ್ಚರ್ಯವೇನಿದೆ? ಇಂದಿಗೂ ವಿಮಾನದೊಳಗೆ ನಡೆಯುತ್ತಿರುವುದು ಅದೇ ಜಗಳ.

ಜೆಟ್ ವಿಮಾನ ಬಂದ ಮೇಲೆ ಪ್ರಯಾಣದ ಗಂಟೆಗಳು ಇಳಿದವು, ಹಾಸಿಗೆ ಬಹಳ ವರ್ಷ ಮರೆಗೆ ಸರಿಯಿತು. ನಡುವೆ ಪೂರ್ತಿ ಸಮತಟ್ಟಾಗದೆ ಓರೆಯಾಗಿ ಚಾಚಿಕೊಳ್ಳುವ ಸೀಟುಗಳು ಬಂದವು. ಜಾಹೀರಾತಿನಲ್ಲಿ ಅದೂ ಹಾಸಿಗೆಯೇ. ಮಲಗಿದವರು ಮಾತ್ರ ರಾತ್ರಿಯೆಲ್ಲ ಜಾರುಬಂಡೆಯ ಮೇಲೆ ಇದ್ದಂತೆ ಕೆಳಕ್ಕೆ ಸರಿಯುತ್ತಿದ್ದರು. 2000ನೇ ಇಸವಿಯಲ್ಲಿ ಬ್ರಿಟಿಷ್ ಏರ್‌ವೇಸ್ ಬಿಜಿನೆಸ್ ಕ್ಲಾಸಿನಲ್ಲಿ ಪೂರ್ತಿ ಸಮತಟ್ಟಾದ ಹಾಸಿಗೆ ತಂದಿತು. ಲಂಡನ್ನಿನ ಟ್ಯಾಂಜರೀನ್ ಎಂಬ ವಿನ್ಯಾಸ ಸಂಸ್ಥೆ ಒಬ್ಬರನ್ನು ಮುಂದಕ್ಕೆ, ಪಕ್ಕದವರನ್ನು ಹಿಂದಕ್ಕೆ ಮುಖ ಮಾಡಿ ಕೂರಿಸಿತು. ಒಬ್ಬರ ಭುಜದ ಪಕ್ಕ ಇನ್ನೊಬ್ಬರ ಪಾದ. ಜಾಗ ಚೆನ್ನಾಗಿಯೇ ಉಳಿಯಿತು. ಆದರೆ ವಿಮಾನ ಏರುವಾಗ ಗುರುತಿಲ್ಲದವರ ಮುಖ ನೋಡಿಕೊಂಡು ಕೂರಬೇಕು. ಕಿಟಕಿ ಪಕ್ಕದವರು ಶೌಚಾಲಯಕ್ಕೆ ಹೋಗಲು ಮಲಗಿದವರ ಕಾಲು ದಾಟಬೇಕು. ನಮ್ಮ ಕಡೆ ಮಲಗಿದವರನ್ನು ದಾಟುವುದೆಂದರೆ ಮನೆಯಲ್ಲಿ ಬೈಗುಳ ಗ್ಯಾರಂಟಿ. ಈಗ ಹೊಸ ವಿಮಾನಗಳಲ್ಲಿ ಪ್ರತಿ ಸೀಟಿನಿಂದಲೂ ನೇರವಾಗಿ ಓಣಿಗೆ ದಾರಿ ಇರುವಂತೆ ಮಾಡುತ್ತಾರೆ. ಕತಾರ್ ಏರ್‌ವೇಸ್ 2017ರಲ್ಲಿ ಸೀಟಿಗೆ ಬಾಗಿಲನ್ನೂ ಇಟ್ಟಿತು. ನಮ್ಮ ಏರ್ ಇಂಡಿಯಾದಲ್ಲಿ 2024ರ ಜನವರಿಯಿಂದ ಹಾರುತ್ತಿರುವ ಏರ್‌ಬಸ್ ಎ350 ವಿಮಾನದಲ್ಲೂ ಬಾಗಿಲಿರುವ ಇಂಥ 28 ಗೂಡುಗಳಿವೆ.

ಒಂದು ಮಂಚ, ಒಂದು ಬಾಗಿಲು, ಅಷ್ಟಕ್ಕೆ ಇಷ್ಟೊಂದು ಕಷ್ಟವೇ ಎಂದು ಮಗಳು ಕೇಳಿದಳು. ಕಷ್ಟವೇ. ವಿಮಾನದ ಸೀಟು ಬಡಗಿ ಮಾಡುವ ಕುರ್ಚಿಯಲ್ಲ. ಹಠಾತ್ತಾಗಿ ಅಪಘಾತದ ಹೊಡೆತ ಬಿದ್ದರೆ ಗುರುತ್ವದ 16 ಪಟ್ಟು ಬಲವನ್ನು ಅದು ತಡೆಯಬೇಕು. ಎಪ್ಪತ್ತು ಕಿಲೋ ತೂಗುವ ನಾನು ಆ ಕ್ಷಣ ಸಾವಿರದ ನೂರ ಇಪ್ಪತ್ತು ಕಿಲೋ ತೂಗಿದಂತೆ! ಗೊಂಬೆ ಕೂರಿಸಿ, ಸೀಟನ್ನು ರಭಸವಾಗಿ ತಳ್ಳಿ, ಗೊಂಬೆಯ ತಲೆಗೆ ಎಷ್ಟು ಪೆಟ್ಟಾಯಿತು ಎಂದು ಅಳೆಯುತ್ತಾರೆ. ಸೀಟು ಓರೆಯಾಗಿದ್ದರೆ ಕುತ್ತಿಗೆ ಪಕ್ಕಕ್ಕೆ ತಿರುಚುತ್ತದೆ. ಅದಕ್ಕೆಂದೇ ಕೆಲವು ಸೀಟುಗಳ ಬೆಲ್ಟಿನೊಳಗೆ ಗಾಳಿಚೀಲ ಇರುತ್ತದೆ. ಅರ್ಧದಷ್ಟು ಬಾಗಿಲು ಮಾತ್ರ ತೆರೆದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಬೇಕು ಎಂಬ ನಿಯಮವಿದೆ. ಆದ್ದರಿಂದ ಏರುವಾಗ, ಇಳಿಯುವಾಗ ಹಾಸಿಗೆ ಮಡಿಸಿ ಸೀಟಾಗಲೇಬೇಕು, ಗೂಡಿನ ಬಾಗಿಲು ತೆರೆದೇ ಇರಬೇಕು. ಏರ್ ಇಂಡಿಯಾ ತನ್ನ ಹಳೆಯ ದೊಡ್ಡ ವಿಮಾನಗಳ ಒಳಾಂಗಣ ಬದಲಿಸಲು 40 ಕೋಟಿ ಡಾಲರ್ ಖರ್ಚು ಮಾಡುವುದಾಗಿ 2022ರ ಡಿಸೆಂಬರಿನಲ್ಲಿ ಹೇಳಿತು. ಹಣ ಇಟ್ಟುಕೊಂಡರೂ ಸೀಟು ಸರಬರಾಜು ತಡವಾಗಿ ಕೆಲಸ ಹಿಂದೆ ಬಿತ್ತು. ಹಣ ಕೊಟ್ಟ ಕೂಡಲೇ ಸಿಗುವ ಸರಕಲ್ಲ ಅದು.

ಇನ್ನು ನನ್ನ ಕ್ಷೇತ್ರಕ್ಕೆ ಬರುತ್ತೇನೆ: ಬಾಡಿಗೆ. ಎ350 ವಿಮಾನದ ಒಳಗಿನ ಅಗಲ ಸುಮಾರು 221 ಇಂಚು. ಎಕಾನಮಿಯಲ್ಲಿ 31 ಇಂಚಿನ ಒಂದು ಸಾಲಿಗೆ ಒಂಬತ್ತು ಜನ. ಗುಣಿಸಿ ಭಾಗಿಸಿದರೆ, ಓಣಿಯೂ ಸೇರಿ ತಲೆಗೆ ಐದೂಕಾಲು ಚದರಡಿ. ಬಿಜಿನೆಸ್ ಕ್ಲಾಸಿನಲ್ಲಿ 44 ಇಂಚಿನ ಸಾಲಿಗೆ ನಾಲ್ಕೇ ಜನ; ತಲೆಗೆ ಹದಿನೇಳು ಚದರಡಿ. ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಊಟ, ಪಾನೀಯ, ಮೆತ್ತನೆ ದಿಂಬು ಎಲ್ಲ ಬಿಟ್ಟು, ಬರೀ ನೆಲದ ಬಾಡಿಗೆಯೇ ಮೂರು ಟಿಕೆಟ್ಟಿನದು. ಈ ಲೆಕ್ಕ ಹಾಕುವ ತನಕ ನಾನು ಬಿಜಿನೆಸ್ ಕ್ಲಾಸ್ ದರವನ್ನು ಸುಲಿಗೆ ಎಂದೇ ಹೇಳುತ್ತಿದ್ದೆ. ಈಗ ಅರ್ಧ ಸುಲಿಗೆ ಎನ್ನುತ್ತೇನೆ.

ಪೂರ್ತಿ ದರ ಕೊಡದೆ ಮುಂದಿನ ಕೋಣೆಗೆ ಹೋಗುವ ದಾರಿಗೆ ಅಪ್‌ಗ್ರೇಡ್ ಎನ್ನುತ್ತಾರೆ. ಮೊದಲಿನಿಂದ ಕೂಡಿಟ್ಟ ಮೈಲಿ ಅಂಕಗಳನ್ನು ಕೊಡಬಹುದು; ಹೊರಡುವ ಮುನ್ನ ಖಾಲಿ ಉಳಿದ ಸೀಟಿಗೆ ಹೆಚ್ಚುವರಿ ಹಣ ಕಟ್ಟಬಹುದು; ಕೆಲವು ಕಂಪನಿಗಳಲ್ಲಿ ಹರಾಜಿನಂತೆ ಇಷ್ಟು ಕೊಡುತ್ತೇನೆ ಎಂದು ಕೂಗಬಹುದು. ಹಿಂದೆ ಸೀಟು ಸಾಲದೆ ಬಂದಾಗ ಕಂಪನಿಯೇ ಕೆಲವರನ್ನು ಮುಂದಕ್ಕೆ ಕಳಿಸುವುದೂ ಉಂಟು, ಆದರೆ ಆ ಲಾಟರಿ ನಂಬಿ ಮೊಣಕಾಲನ್ನು ಒಡ್ಡುವಂತಿಲ್ಲ. ಅಂಕಗಳನ್ನೂ ಹಣವನ್ನೂ ಸೇರಿಸಿ ಮಗಳಿಗೆ ಸಿಕ್ಕಿದ್ದು ಒಂದು ಸೀಟು. ಎರಡಕ್ಕೂ ಕೂಗೋಣ ಎಂದಳು. ಅವಳ ಮನೆಯ ಸಾಲದ ಕಂತು ಎಷ್ಟೆಂದು ನನಗೆ ಗೊತ್ತಿತ್ತು. ಬೇಡ ಎಂದೆ. ಆ ಒಂದು ಸೀಟಿಗೆ ಅವಳು ಕಟ್ಟಿದ ಹಣ ನಮ್ಮ ರೂಪಾಯಿಯಲ್ಲಿ ಅರವತ್ತು ಸಾವಿರ ದಾಟಿತ್ತು. 1974ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ತಿಂಗಳಿಗೆ ಐನೂರು ರೂಪಾಯಿಯೂ ಬರುತ್ತಿರಲಿಲ್ಲ. ಹತ್ತು ವರ್ಷದ ಸಂಬಳ ಒಂದು ರಾತ್ರಿಯ ನಿದ್ದೆಗೆ! ಇದನ್ನು ಹೆಂಡತಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಹತ್ತುತ್ತಲೇ ಇರಲಿಲ್ಲ.

ಹಾಗಂತ ಹಾಸಿಗೆಯೊಂದೇ ಕಾಲನ್ನು ಕಾಪಾಡುತ್ತದೆ ಎಂದುಕೊಳ್ಳಬೇಡಿ. ಬಹಳ ಹೊತ್ತು ಅಲುಗಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಇದೆ. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ, ಆದರೂ ಅದು ಆರು ಸಾವಿರ ಜನರಲ್ಲಿ ಒಬ್ಬರಿಗೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 2007ರಲ್ಲಿ ಹೇಳಿತು. ಬಸ್ಸು, ರೈಲು, ಕಾರಿಗೂ ಈ ಮಾತು ಅನ್ವಯ. ಮುಖ್ಯವಾದದ್ದು ಅಲುಗಾಟ. ಗಂಟೆಗೊಮ್ಮೆ ಎದ್ದು ಓಣಿಯಲ್ಲಿ ಓಡಾಡುವುದು, ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದು, ನೀರು ಕುಡಿಯುವುದು. ಇವಕ್ಕೆ ಟಿಕೆಟ್ ಇಲ್ಲ. ಹೋಗುವಾಗ ನಾವು ಏಳಲೇ ಇಲ್ಲ, ಓಣಿ ಪಕ್ಕದವರನ್ನು ಎಬ್ಬಿಸಲು ಸಂಕೋಚ. ಮೊಣಕಾಲು ಆಪರೇಷನ್ ಆದವರು, ಹಿಂದೆ ಹೆಪ್ಪುಗಟ್ಟಿದ ತೊಂದರೆ ಇದ್ದವರು ಹೊರಡುವ ಮುಂಚೆ ವೈದ್ಯರನ್ನು ಕೇಳಲೇಬೇಕು.

ಇನ್ನೊಂದು ಸಂಗತಿ ಮಕ್ಕಳಿಗೆ ಇಷ್ಟವಾಗಬಹುದು. ವಿಮಾನ ಮೂವತ್ತೈದು ಸಾವಿರ ಅಡಿ ಮೇಲಿದ್ದರೂ ಒಳಗಿನ ಗಾಳಿಯನ್ನು ಒತ್ತಿ ಇಟ್ಟಿರುತ್ತಾರೆ. ಹಳೆಯ ವಿಮಾನಗಳಲ್ಲಿ ಅದು ಎಂಟು ಸಾವಿರ ಅಡಿ ಎತ್ತರದ ಗಾಳಿಯಷ್ಟು ತೆಳುವಾಗಬಹುದು, ಅಂದರೆ ಊಟಿಗಿಂತಲೂ ಮೇಲೆ. ಬೋಯಿಂಗ್ 787, ಎ350ಗಳಲ್ಲಿ ಸುಮಾರು ಆರು ಸಾವಿರ ಅಡಿ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪ ಕೆಳಗೆ! ಹೊಸ ವಿಮಾನದಲ್ಲಿ ಆಯಾಸ ಕಡಿಮೆ ಎನ್ನುವುದಕ್ಕೆ ಇದೂ ಒಂದು ಕಾರಣ, ಮತ್ತು ಇದು ಹಿಂದೆ ಕೂತವರಿಗೂ ಸಮ ಪಾಲು.

ಹಿಂದೆ ಕೂತವರ ಚಿಂತೆ ಮಾಡಿದವರೂ ಇದ್ದಾರೆ. ಏರ್ ನ್ಯೂಜಿಲೆಂಡ್‌ನ ಪ್ರಯಾಣಿಕರಿಗೆ ಎಲ್ಲಿಗೆ ಹೋದರೂ ದೂರ. ಆ ಕಂಪನಿ 2011ರಲ್ಲೇ ಎಕಾನಮಿಯ ಮೂರು ಸೀಟುಗಳ ಕಾಲಹಲಗೆ ಮೇಲಕ್ಕೆತ್ತಿ ಪುಟ್ಟ ಸೋಫಾ ಆಗುವಂತೆ ಮಾಡಿತು. ದೊಡ್ಡವರು ಕಾಲು ಮಡಿಸಬೇಕು, ಮಕ್ಕಳಿಗೆ ಸಾಕಷ್ಟು ಜಾಗ. ಆಮೇಲೆ ಅವರು ರೂಪಿಸಿದ್ದು ಸ್ಕೈನೆಸ್ಟ್: ನಮ್ಮ ರೈಲಿನ ಬರ್ತಿನ ಹಾಗೆ ಒಂದರ ಮೇಲೊಂದು, ಒಟ್ಟು ಆರು ಮಂಚ. ಸೀಟಿನ ಟಿಕೆಟ್ ಜೊತೆ ಬೇರೆ ಹಣ ಕೊಟ್ಟು ನಾಲ್ಕು ಗಂಟೆ ಮಲಗಿ, ಎದ್ದು, ಮುಂದಿನವರಿಗೆ ಬಿಟ್ಟುಕೊಡಬೇಕು. ಇಡೀ ಹಾಸಿಗೆ ಕೊಳ್ಳಲಾಗದಿದ್ದರೆ ಕಾಲು ಪಾಲು ಕೊಳ್ಳುವುದು. ಬ್ಯಾಂಕಿನವನಾದ ನನಗೆ ಇದು ಬಹಳ ಮೆಚ್ಚುಗೆಯಾಯಿತು. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಎಲ್ಲೂ ನಿಲ್ಲದೆ ಹಾರಿದವರಿಗೆ ಇಂಥದ್ದು ಸಿಕ್ಕಿದ್ದರೆ ಎಷ್ಟು ಚೆನ್ನ! 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಸಂಗಡಿಗರು, ಎಲ್ಲರೂ ಮಹಿಳಾ ಪೈಲಟ್‌ಗಳೇ, ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದ ಆ ಪ್ರಯಾಣ ಸುಮಾರು ಹದಿನೇಳು ಗಂಟೆ. ನಮ್ಮೂರುಗಳ ಎಷ್ಟೋ ಅಜ್ಜ ಅಜ್ಜಿಯರು ಮೊಮ್ಮಕ್ಕಳ ಮುಖ ನೋಡಲು ಇಂಥ ಗಂಟೆಗಳನ್ನೇ ದಾಟಿ ಹೋಗಬೇಕು. ಎಪ್ಪತ್ತರ ಮೇಲೆ, ಇನ್ನೊಮ್ಮೆ ಹೋಗುವುದೋ ಬೇಡವೋ ಎನ್ನುವುದನ್ನು ಹಲವು ಸಲ ತೀರ್ಮಾನಿಸುವುದು ಮನಸ್ಸಲ್ಲ, ಕಾಲು.

ವಾಪಸ್ ಬರುವಾಗ ಹೆಂಡತಿ ಮುಂದೆ, ನಾನು ಮೂವತ್ತೆಂಟನೇ ಸಾಲಿನಲ್ಲಿ. "ಅದೇನು ಒತ್ತಿದರೆ ಮಂಚ ಆಗುತ್ತೋ, ನನಗೆ ಬರಲ್ಲಾರೀ" ಎಂದು ವಿಮಾನ ಏರುವ ತನಕ ಗೊಣಗುತ್ತಲೇ ಇದ್ದಳು. ಮೊಮ್ಮಗಳು ಒಂದು ಚೀಟಿಯಲ್ಲಿ ಗುಂಡಿಯ ಚಿತ್ರ ಬರೆದು, ಪಕ್ಕದಲ್ಲಿ ಮಲಗಿದ ಅಜ್ಜಿಯ ಚಿತ್ರ ಬರೆದು ಕೊಟ್ಟಿದ್ದಳು. ಈ ಸಲ ನಾನು ಸಂಕೋಚ ಬಿಟ್ಟು ಗಂಟೆಗೊಮ್ಮೆ ಎದ್ದೆ.

ಕೊಲ್ಲಿಯ ಊರಿನಲ್ಲಿ ಇಳಿದಾಗ ಅವಳು ಬಾಗಿಲ ಬಳಿ ನಿಂತಿದ್ದಳು. ಕಾಲಲ್ಲಿ ಚಪ್ಪಲಿ ಇತ್ತು.

"ನಿದ್ದೆ ಬಂತಾ?" ಎಂದೆ.

"ಬಂತು. ಮಧ್ಯೆ ಎರಡು ಸಲ ಎಚ್ಚರವಾಯಿತು. ನೀವು ಹೇಗಿದ್ದೀರೋ ಅಂತ ನಿಮ್ಮ ಸಾಲಿನವರೆಗೂ ಬಂದು ನೋಡಿದೆ. ಒಂದು ಸಲ ನೀವು ಸೀಟಲ್ಲೇ ಇರಲಿಲ್ಲ. ಇನ್ನೊಂದು ಸಲ ಬಾಯಿ ತೆರೆದುಕೊಂಡು ಗೊರಕೆ ಹೊಡೀತಿದ್ರಿ. ಎಬ್ಬಿಸಲಿಲ್ಲ."

ಬೆಂಗಳೂರಿನ ವಿಮಾನಕ್ಕೆ ಇನ್ನೂ ಎರಡು ಗಂಟೆ ಇತ್ತು. ಗಾಲಿಕುರ್ಚಿ ಬೇಡವೆಂದು ಇಬ್ಬರೂ ನಡೆದೇ ಹೋದೆವು.